ಬಾರದ ನೆಂಟರು

ಮನೆಗೆ ಯಾರೂ ಬರುವುದಿಲ್ಲ ಅಂತ ದಿನಾ ಬೆಳಗ್ಗೆ ಒಬ್ಬರಿಗೆ ಬಾಯಿಬಿಟ್ಟು ಹೇಳಬೇಕಾಗಿ ಬಂದರೆ ನೀವಾದರೂ ಏನು ಮಾಡುತ್ತಿದ್ದಿರಿ? ಒಂದು ದಿನ ಹೇಳಬಹುದು, ಒಂದು ವಾರ ಹೇಳಬಹುದು. ನೀಲಾಂಬಿಕೆ ಪಾಪ, ತಿಂಗಳುಗಟ್ಟಲೆ ಹೇಳಿದಳು. ಆಮೇಲೆ ಒಂದು ಬೆಳಗ್ಗೆ ಅವಳ ಬಾಯಿಂದ ಸುಳ್ಳೊಂದು ಜಾರಿತು. ಜಾರಿದ್ದು ಜಾರಿತು, ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಕೇಳುತ್ತಿದ್ದವರು ಯಾರು, ಯಾಕೆ ಕೇಳುತ್ತಿದ್ದರು ಅನ್ನುವುದನ್ನು ಹೇಳಬೇಕಾದರೆ ಬಟ್ಟುವಿನಿಂದ ಶುರುಮಾಡಬೇಕು.

ಬಟ್ಟು ಅಂದರೆ ನಾಯಿ. ದಾವಣಗೆರೆಯಲ್ಲಿ ಹಳೇ ಹತ್ತಿ ಗಿರಣಿ ಇದ್ದ ಜಾಗದಲ್ಲಿ ಈಗ ಎದ್ದಿರುವ ಹನ್ನೆರಡು ಅಂತಸ್ತಿನ ಕಟ್ಟಡ ಇದೆಯಲ್ಲ, ಅದರ ಗೇಟಿನ ಹತ್ತಿರ ಸಿಕ್ಕ ಬೀದಿ ಮರಿ. ಕೂತರೆ ತಕ್ಕಡಿಯಲ್ಲಿಟ್ಟ ತೂಕದ ಬಟ್ಟಿನ ಹಾಗೆ ಗಟ್ಟಿಯಾಗಿ ಕೂರುತ್ತಿತ್ತು, ಅದಕ್ಕೇ ಆ ಹೆಸರು. ನೀಲಾಂಬಿಕೆಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಇಪ್ಪತ್ತೆಂಟು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವಳು. ಅವಳು ಪೇಟೆಗೆ ಕಾಲಿಟ್ಟರೆ ಅಂಗಡಿಯವರ ಎದೆ ಡವಗುಟ್ಟುತ್ತಿತ್ತು. ಗ್ರಾಂ ತಪ್ಪಿದರೂ ಬಿಡುತ್ತಿರಲಿಲ್ಲ ಮಹರಾಯ್ತಿ. ಚೌಕಿಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸ್ವಂತ ತಮ್ಮ ಕೊಟ್ರೇಶನ ತಕ್ಕಡಿ ಹಿಡಿದು, ಅವನ ಮೇಲೇ ಕೇಸು ಹಾಕಿದಳು. ಅವಳು ಮಾಡಿದ್ದು ಸರಿಯೇ. ಆದರೆ ಅವತ್ತಿನಿಂದ ತಮ್ಮ ಮಾತು ಬಿಟ್ಟ, ತಮ್ಮನ ಹಿಂದೆ ಬಳಗವೆಲ್ಲ ಬಿಟ್ಟಿತು. ಮದುವೆಯಂತೂ ಆಗಿರಲಿಲ್ಲ. ಸ್ವಯಂ ನಿವೃತ್ತಿ ತಗೊಂಡು ಏಳನೇ ಮಹಡಿಯ ಮನೆ ಸೇರಿದ ಮೇಲೆ ಅವಳ ಜೊತೆಗಿದ್ದ ಜೀವ ಅಂದರೆ ಬಟ್ಟು ಒಂದೇ.

ಆ ಬಟ್ಟುಗೆ ಕಾಯಿಲೆ ಬಂತು. ಎಂಥ ಕಾಯಿಲೆ ಅಂತೀರಿ! ಎರಡು ದಿನ ಊಟ ಬಿಟ್ಟು ವಾಂತಿ ಮಾಡುವುದು, ಮೂರನೇ ದಿನ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಾಡುವುದು. ಸ್ವಲ್ಪ ದಿನ ಕಳೆದರೆ ಮತ್ತೆ ಅದೇ, ಜೊತೆಗೆ ಮೈನಡುಕ. ಒಬ್ಬ ಡಾಕ್ಟರು ಹೊಟ್ಟೆ ಸೋಂಕು ಅಂದರು, ಇನ್ನೊಬ್ಬರು ಕಿಡ್ನಿ ಅಂದರು. ದೀಪಾವಳಿಯ ಪಟಾಕಿ ಸದ್ದಿಗೆ ನಾಯಿ ಒಂದೇ ಸಲಕ್ಕೆ ಕುಸಿದು ಬಿದ್ದಾಗ ಡಾಕ್ಟರ್ ಹಾಲೇಶ್ ಅದರ ಎದೆಗೆ ಕೈಯಿಟ್ಟು ನೋಡಿದರು. ಭಯಪಟ್ಟ ನಾಯಿಯ ಹೃದಯ ಓಡಬೇಕು. ಇದರದ್ದು ನಿಧಾನವಾಗಿ, ಒಲ್ಲದ ಮನಸ್ಸಿನಿಂದ ಬಡಿಯುತ್ತಿತ್ತು.

“ಕಿಡ್ನಿ ತಲೆ ಮೇಲೆ ಟೋಪಿ ಇಟ್ಟಂಗೆ ಎರಡು ಪುಟ್ಟ ಗ್ರಂಥಿ ಇರ್ತವೆ ಮೇಡಂ, ಅಡ್ರಿನಲ್ ಅಂತ,” ಎಂದು ಹಾಲೇಶ್ ವಿವರಿಸಿದರು. “ಮೈಯಾಗೆ ಉಪ್ಪು ನಿಲ್ಲಿಸೋದು ಅವೇ, ಗಾಬರಿ ಆದಾಗ ಜೀವ ಹಿಡಿದು ನಿಲ್ಲಿಸೋ ಹಾರ್ಮೋನು ಕೊಡೋದೂ ಅವೇ. ನಿಮ್ಮ ನಾಯಿಗೆ ಎರಡೂ ಸತ್ತೋಗಿವೆ. ಪೊಟ್ಯಾಸಿಯಂ ಏರಿ ಹೃದಯ ನಿಂತೋಗೋದರಲ್ಲಿತ್ತು. ಇನ್ಮೇಲೆ ಪಟಾಕಿ, ಜಗಳ, ಪ್ರಯಾಣ, ಯಾವ ಗದ್ದಲಾನೂ ಇದು ತಡಕಳಲ್ಲ. ಖುಷಿ ಆದ್ರೂ ತಡಕಳಲ್ಲ.”

“ಖುಷೀನೂನಾ?”

“ಮೈಗೆ ಅದೂ ಒಂದು ಭಾರಾನೇ ಮೇಡಂ.”

ಮೊದಲಾಗಿದ್ದರೆ ಜೀವಮಾನವಿಡೀ ಮಾತ್ರೆ, ಇಂಜೆಕ್ಷನ್. ಆದರೆ ಆ ವರ್ಷ ಉಪಗ್ರಂಥಿ ಅನ್ನುವ ಪುಟ್ಟ ಯಂತ್ರ ಬಂದಿತ್ತು. ಹುಣಸೇಬೀಜದಷ್ಟು ದೊಡ್ಡದು, ಹೆಗಲ ಹಿಂದೆ ಚರ್ಮದ ಕೆಳಗೆ ಕೂರಿಸುತ್ತಾರೆ. ದಿನದ ಪಾಲನ್ನು ಹನಿಹನಿಯಾಗಿ ಬಿಡುತ್ತದೆ, ಖಾಲಿಯಾದಾಗ ಆಸ್ಪತ್ರೆಯಲ್ಲಿ ತುಂಬಿಸಿಕೊಂಡು ಬರಬೇಕು. ಒಂದೇ ತೊಡಕು. ಗದ್ದಲವಾದ ಮೇಲೆ ಹಾರ್ಮೋನು ಬಿಟ್ಟರೆ ಪ್ರಯೋಜನವಿಲ್ಲ, ಅದು ಮೈಗೆ ಹತ್ತಲು ಹೊತ್ತು ಬೇಕು. ಹೃದಯ ಜೋರಾಗಿ ಬಡಿದಾಗಲೆಲ್ಲ ಬಿಡೋಣವೆಂದರೆ ಬೆಕ್ಕು ಕಂಡರೂ ನಾಯಿಯ ಹೃದಯ ಓಡುತ್ತದೆ, ಹೆಚ್ಚಾದರೆ ಅದೂ ವಿಷವೇ. ಹಾಗಾಗಿ ಮನೆಯಲ್ಲಿ ಏನು ನಡೆಯಲಿದೆ ಎನ್ನುವುದು ಗ್ರಂಥಿಗೆ ಮುಂಚೆಯೇ ಗೊತ್ತಿರಬೇಕು. ಮನೆಯೊಳಗೆ ಕ್ಯಾಮೆರಾ ಇಡಬಾರದೆಂದು ಕಾನೂನು ಬಂದಿದ್ದ ಕಾಲ ಅದು. ಅದಕ್ಕೇ ಆಸ್ಪತ್ರೆಯ ನಿಗಾ ಕೇಂದ್ರದವರು ದಿನಾ ಬೆಳಗ್ಗೆ ಫೋನ್ ಮಾಡಿ ಕೇಳುತ್ತಿದ್ದರು. ಮನೆಯವರು ಹೇಳಿದ್ದನ್ನು ಗ್ರಂಥಿ ನಂಬುತ್ತಿತ್ತು. ಹೇಳಿದ ಮೇಲೆ ನಾಯಿಯ ಹೃದಯ ಎಷ್ಟು ಓಡಿತು ಅಂತ ನೋಡಿ, ಮುಂದಿನ ಸಲ ಎಷ್ಟು ಬಿಡಬೇಕೆಂದು ತಾನೇ ಕಲಿಯುತ್ತಿತ್ತು.

ನೀಲಾಂಬಿಕೆಯ ಮನೆಗೆ ಫೋನ್ ಮಾಡುತ್ತಿದ್ದವಳು ಜೆಸಿಂತಾ. ಕರಾವಳಿಯ ಹುಡುಗಿ, ಕೆಲಸಕ್ಕೆಂದು ಈ ಊರಿಗೆ ಬಂದು ಹಾಸ್ಟೆಲಿನಲ್ಲಿದ್ದಳು. ಮುಖ ಕಂಡಿರಲಿಲ್ಲ, ದನಿ ಮಾತ್ರ.

“ನಮಸ್ಕಾರ ಮೇಡಂ. ಬಟ್ಟು ಹೇಗುಂಟು? ಇವತ್ತು ಮನೆಗೆ ಯಾರಾದ್ರೂ ಬರ್ಲಿಕ್ಕುಂಟಾ?”

“ಇಲ್ಲ.”

ದಿನಾ ಇಷ್ಟೇ. ಇಡೀ ದಿನದಲ್ಲಿ ನೀಲಾಂಬಿಕೆ ಮನುಷ್ಯರೊಡನೆ ಆಡುತ್ತಿದ್ದ ಮಾತೂ ಹೆಚ್ಚುಕಮ್ಮಿ ಇಷ್ಟೇ. ಫೋನಿಗೆ ಮುಂಚೆಯೇ ಸ್ನಾನ ಮಾಡಿ, ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಕೂರುತ್ತಿದ್ದಳು. ಫೋನಿನಲ್ಲಿ ಸೀರೆ ಯಾರಿಗೆ ಕಾಣಬೇಕು!

ಒಂದು ಬೆಳಗ್ಗೆ ಜೆಸಿಂತಾಗೆ ಅವಸರವಿತ್ತೋ ಏನೋ, ಕೇಳುವ ಬದಲು ತಾನೇ ಹೇಳಿಬಿಟ್ಟಳು. “ಇವತ್ತೂ ಯಾರೂ ಇಲ್ಲ ಅಲ್ವಾ ಮೇಡಂ? ಇಲ್ಲ ಅಂತ ಹಾಕ್ತೇನೆ.”

ನೀಲಾಂಬಿಕೆಗೆ ಕೆನ್ನೆಗೆ ಹೊಡೆದಂತಾಯಿತು. “ಯಾಕಿಲ್ಲ?” ಅಂದಳು. “ನನ್ನ ತಮ್ಮ ಬರ್ತಿದ್ದಾನೆ. ಹೆಂಡ್ತಿ, ಮಕ್ಕಳು ಎಲ್ರೂ.”

“ಹೌದಾ! ಎಷ್ಟು ಒಳ್ಳೇದಾಯ್ತು ಮೇಡಂ! ಬಟ್ಟುಗೆ ಹೆಚ್ಚಿನ ಹನಿ ಬಿಡ್ತೇನೆ, ನೀವು ಹೆದರ್ಬೇಡಿ ಆಯ್ತಾ?”

ಆ ಹುಡುಗಿ ಅಷ್ಟು ಸಂತೋಷಪಟ್ಟಿದ್ದೇ ತಪ್ಪಾಯಿತು ನೋಡಿ. ಮಾರನೇ ದಿನ “ಹೇಗಾಯ್ತು ಮೇಡಂ, ಏನು ಅಡುಗೆ ಮಾಡಿದ್ರಿ?” ಅಂತ ಕೇಳಿದಳು. ನೀಲಾಂಬಿಕೆ ಹೋಳಿಗೆ ಅಂದಳು, ಕಟ್ಟಿನ ಸಾರು ಅಂದಳು, ತಮ್ಮನ ಮಗಳು ಊಟದ ಎಲೆಯ ಮುಂದೆಯೇ ನಿದ್ದೆ ಹೋದಳು ಅಂದಳು. ಮುಂದಿನ ವಾರ ಹರಿಹರದ ಚಿಕ್ಕಮ್ಮ ಬಂದಳು. ಆಮೇಲೆ ಹಳೇ ಆಫೀಸಿನ ಗೆಳತಿಯರು ಬಂದರು. ಮಂಡಕ್ಕಿ ಮೆಣಸಿನಕಾಯಿ ತಿಂದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು ಹೋದರು. ಬಂದವರಾರೂ ಇಲ್ಲ, ನಕ್ಕವರಾರೂ ಇಲ್ಲ. ಸುಳ್ಳಿಗೂ ಒಂದು ಅಚ್ಚುಕಟ್ಟು ಬೇಡವೇ? ಹಾಗಂತ ಆ ದಿನಗಳಲ್ಲಿ ಅವಳು ನಿಜಕ್ಕೂ ಹೋಳಿಗೆ ಬೇಯಿಸುತ್ತಿದ್ದಳು. ಪೇಟೆಯಲ್ಲಿ ನಾಕಾರು ಜೊತೆ ಚಪ್ಪಲಿ ಕೊಂಡು ತಂದು, ಗಂಡಸರದ್ದು, ಹೆಂಗಸರದ್ದು, ಒಂದು ಮಗುವಿನದ್ದು, ಬಾಗಿಲ ಹೊರಗೆ ಬಿಡುತ್ತಿದ್ದಳು. ಎದುರು ಮನೆಯವರು ನೋಡಲಿ ಅಂತಲೋ, ತಾನೇ ನೋಡಿಕೊಳ್ಳೋಣ ಅಂತಲೋ, ಆ ಶಿವನೇ ಬಲ್ಲ.

ಬಟ್ಟು ಮಾತ್ರ ಆ ಚಪ್ಪಲಿಗಳನ್ನು ಒಂದೊಂದಾಗಿ ಮೂಸಿ ನೋಡಿ, ಯಾರ ವಾಸನೆಯೂ ಇಲ್ಲದೆ, ಬಂದು ಅವಳ ಕಾಲ ಹತ್ತಿರ ಮಲಗುತ್ತಿತ್ತು.

ಉಪಗ್ರಂಥಿ ತುಂಬಿಸಲು ಆಸ್ಪತ್ರೆಗೆ ಹೋದ ದಿನ ನೀಲಾಂಬಿಕೆ ಮೊದಲ ಸಲ ನಿಗಾ ಕೋಣೆ ನೋಡಿದಳು. ಗಾಜಿನ ಗೋಡೆಯ ಆಚೆ ಪರದೆಗಳ ಸಾಲು. ಪ್ರತಿ ನಾಯಿಗೂ ಒಂದು ಹಸಿರು ಗೆರೆ, ಏಳುತ್ತ ಬೀಳುತ್ತ ಹರಿಯುತ್ತಿತ್ತು. ಕಿವಿಗೆ ಫೋನ್ ಸಿಕ್ಕಿಸಿಕೊಂಡಿದ್ದ ಸಣಕಲು ಹುಡುಗಿಯೊಬ್ಬಳು ಎದ್ದು ಓಡಿಬಂದಳು.

“ನೀವು ಬಟ್ಟುವಿನ ಅಮ್ಮ ಅಲ್ವಾ? ದನಿ ಕೇಳಿಯೇ ಗೊತ್ತಾಯ್ತು. ನಾನು ಜೆಸಿಂತಾ!”

ಎರಡೂ ಕೈ ಹಿಡಿದುಕೊಂಡಳು. ನೀಲಾಂಬಿಕೆಯ ಕೈಯನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ. ಎಳೆದುಕೊಳ್ಳಲೂ ಆಗದೆ, ಒತ್ತಿ ಹಿಡಿಯಲೂ ಆಗದೆ ಸುಮ್ಮನೆ ನಿಂತಳು.

ಒಳಗೆ ಹಾಲೇಶ್ ಬಟ್ಟುವಿನ ಹಸಿರು ಗೆರೆಯನ್ನು ತೋರಿಸಿ ನಾಯಿಯ ಬೆನ್ನು ತಟ್ಟಿದರು. “ಭಾರಿ ಗಟ್ಟಿ ನಾಯಿ ಮೇಡಂ ಇದು. ಅಷ್ಟು ಜನ ಬಂದು ಹೋಗ್ತಾರೆ, ಇದರ ಹೃದಯ ಒಂಚೂರೂ ಅಲ್ಲಾಡಲ್ಲ. ಅದಕ್ಕೇ ಗ್ರಂಥಿ ಕಲಿತುಬಿಟ್ಟಿದೆ, ನೆಂಟರು ಬಂದರೆ ಇದಕ್ಕೆ ಹೆಚ್ಚಿನ ಹನಿ ಬೇಡ ಅಂತ. ಈಗ ಬಿಡೋದನ್ನೇ ನಿಲ್ಲಿಸಿದೆ. ಒಳ್ಳೇದೇ, ಔಷಧಿ ಕಮ್ಮಿ ಆದಷ್ಟೂ ಒಳ್ಳೇದು.”

ನೀಲಾಂಬಿಕೆಗೆ ತಟ್ಟನೆ ಅರ್ಥವಾಯಿತು. ಹೃದಯ ಅಲ್ಲಾಡಲಿ ಹೇಗೆ, ಬಂದವರಿದ್ದರೆ ತಾನೇ ಅಲ್ಲಾಡುವುದು? ತಕ್ಕಡಿಯ ತಳಕ್ಕೆ ಹುಣಸೇಹಣ್ಣು ಮೆತ್ತಿ ಮೋಸ ಮಾಡುವವರನ್ನು ಜೀವಮಾನವಿಡೀ ಹಿಡಿದವಳು. ಈಗ ತನ್ನ ನಾಯಿಯ ಮೈಯೊಳಗಿನ ತಕ್ಕಡಿಗೆ ತಾನೇ ಮೆತ್ತಿದ್ದಳು. ಹೇಳಿಬಿಡೋಣ ಅಂತ ಬಾಯಿ ತೆರೆದಳು.

ಪಕ್ಕದಲ್ಲಿ ಜೆಸಿಂತಾ ಹೇಳುತ್ತಿದ್ದಳು, “ಸರ್, ಇವರ ಮನೆ ಕಥೆ ಕೇಳ್ಲಿಕ್ಕೇ ನನಗೆ ಬೆಳಿಗ್ಗೆ ಕೆಲಸಕ್ಕೆ ಬರ್ಲಿಕ್ಕೆ ಖುಷಿ. ನಮ್ಮ ಅಮ್ಮನಿಗೂ ಫೋನಿನಲ್ಲಿ ಹೇಳ್ತಾ ಇರ್ತೇನೆ.”

ತೆರೆದ ಬಾಯಿ ಮುಚ್ಚಿಕೊಂಡಿತು. ಹೇಗೂ ಮನೆಗೆ ಯಾರೂ ಬರುವುದಿಲ್ಲ, ಗ್ರಂಥಿ ಏನು ಕಲಿತರೆ ಏನು ಅಂತ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮುಂದಿನ ತಿಂಗಳು ಒಂದು ಬೆಳಗ್ಗೆ ಜೆಸಿಂತಾ ದನಿ ತಗ್ಗಿಸಿದಳು. “ಮೇಡಂ, ಒಂದು ಕೇಳ್ಲಾ? ಈ ಭಾನುವಾರ ನನಗೆ ರಜೆ. ಹಾಸ್ಟೆಲಲ್ಲಿ ಒಬ್ಳೇ ಕೂತು ಸಾಕಾಗಿದೆ. ನಾವು ನಾಯಿಯವರ ಮನೆಗೆ ಹೋಗ್ಲಿಕ್ಕಿಲ್ಲ, ರೂಲ್ಸ್ ಉಂಟು. ಆದ್ರೂ ನಿಮ್ಮ ಮನೆಯ ಗೌಜಿ ಗದ್ದಲ ಒಮ್ಮೆ ನೋಡ್ಬೇಕಂತ ಆಸೆ. ಬರ್ಲಾ?”

ಬೇಡ ಅನ್ನಲು ನೂರು ನೆಪ ಇದ್ದವು. ಊರಲ್ಲಿಲ್ಲ ಅನ್ನಬಹುದಿತ್ತು, ಜ್ವರ ಅನ್ನಬಹುದಿತ್ತು. ಬೇಡ ಅನ್ನಲೇಬೇಕಿತ್ತು ಕೂಡ. ಆದರೆ ಅವಳ ಮನೆಗೆ ಬರುತ್ತೇನೆ ಅಂತ ಯಾರೂ ಕೇಳಿರಲಿಲ್ಲವಲ್ಲ! “ಬಾರಮ್ಮ,” ಅಂದಳು.

ಭಾನುವಾರ ಬೆಳಗ್ಗೆ ಕೇಂದ್ರದಿಂದ ಬೇರೆ ಯಾರೋ ಫೋನ್ ಮಾಡಿದರು. ಒಬ್ಬ ಹುಡುಗಿ ಬರ್ತಾಳೆ ಅಂದಳು ನೀಲಾಂಬಿಕೆ. ನೆಂಟರ ವಿಷಯದಲ್ಲಿ ಅವಳು ಹೇಳಿದ ಮೊದಲ ನಿಜ ಅದು, ಗ್ರಂಥಿ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು. ಒಂದು ಹುಡುಗಿ ಬಂದು ಕಾಫಿ ಕುಡಿದು ಹೋದರೆ ಏನಾದೀತು ಅಂದುಕೊಂಡಳು. ಚಪ್ಪಲಿಗಳನ್ನು ಬಾಗಿಲಲ್ಲಿ ಹರಡಿದಳು.

ಜೆಸಿಂತಾ ಬಂದಳು. ಕೈಯಲ್ಲಿ ಊರಿನ ಹಪ್ಪಳದ ಕಟ್ಟು, ಬಟ್ಟುಗೊಂದು ಕೆಂಪು ಚೆಂಡು. “ಎಲ್ಲರೂ ಎಲ್ಲಿ ಮೇಡಂ?”

“ಈಗಷ್ಟೇ ಸಂತೆಬೆನ್ನೂರಿಗೆ ಹೋದ್ರು, ಪುಷ್ಕರಣಿ ನೋಡಕ್ಕೆ. ಬರ್ತಾರೆ, ಕೂತ್ಕೊ.”

“ಚಪ್ಪಲಿ ಬಿಟ್ಟು ಹೋದ್ರಾ?” ಎಂದು ಹುಡುಗಿ ನಕ್ಕಳು. ನೀಲಾಂಬಿಕೆ ಒಳಗೆ ಹೋಗಿ ಕಾಫಿ ಸೋಸತೊಡಗಿದಳು. ಅರ್ಧ ಲೋಟದಾಚೆ ಚೆಲ್ಲಿತು.

ಇತ್ತ ಬಟ್ಟುಗೆ ಹುಚ್ಚು ಹಿಡಿದಿತ್ತು. ತನ್ನ ಮನೆಯೊಳಗೆ ಎರಡನೇ ಮನುಷ್ಯರು! ಸುತ್ತಿತು, ಕುಣಿಯಿತು, ಕುಂಯ್‌ಗುಟ್ಟಿತು. ತನ್ನ ತಟ್ಟೆ ತಂದಿತು, ಹಾಸಿಗೆ ಎಳೆದು ತಂದಿತು, ನೀಲಾಂಬಿಕೆಯ ಒಗೆದ ಬಟ್ಟೆಯನ್ನೂ ತಂದು ಹುಡುಗಿಯ ಮಡಿಲಿಗೆ ಹಾಕಿತು. ಚೆಂಡು ಎಸೆದಷ್ಟೂ ತಂದಿತು. ಇಬ್ಬರೂ ನಕ್ಕು ನಕ್ಕು ಸುಸ್ತಾದರು. ನೀಲಾಂಬಿಕೆ ಅಷ್ಟು ನಕ್ಕಿದ್ದು ತನಗೇ ಆಶ್ಚರ್ಯ. ಎರಡನೇ ಸಲ ಕಾಫಿ ಮಾಡಿದಳು, ಹೋಳಿಗೆ ಬಡಿಸಿದಳು, ಸಂತೆಬೆನ್ನೂರಿಗೆ ಹೋದವರನ್ನು ಇಬ್ಬರೂ ಮರೆತರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚೆಂಡು ಎಸೆದರೆ ಬಟ್ಟು ಏಳಲಿಲ್ಲ. ವಾಂತಿ ಮಾಡಿಕೊಂಡಿತು. ಏಳಲು ಹೋದರೆ ಹಿಂಗಾಲು ಮಡಚಿಕೊಂಡಿತು. ಮೈ ತಣ್ಣಗಿತ್ತು, ತುಟಿ ಸರಿಸಿ ನೋಡಿದರೆ ಒಸಡು ಬೆಳ್ಳಗೆ. ಜೆಸಿಂತಾ ಅದರ ಎದೆಗೆ ಕೈಯಿಟ್ಟು ನೋಡಿದವಳೇ ಕೇಂದ್ರಕ್ಕೆ ಫೋನ್ ಹಚ್ಚಿದಳು. ಹಾಲೇಶರ ದನಿ ಕೋಣೆಯ ತುಂಬ ಕೇಳಿಸಿತು.

“ಹೃದಯ ತೀರಾ ನಿಧಾನ ಆಗಿದೆ, ಗೆರೆ ನನಗೂ ಕಾಣ್ತಿದೆ. ಗಾಡಿ ಕಳಿಸಿದ್ದೀನಿ, ಊರಾಚೆಯಿಂದ ಬರಬೇಕು. ಏನಾದ್ರೂ ತಿಂತಾ? ಇಲಿ ಪಾಷಾಣ?”

“ಇಲ್ಲ ಸರ್. ನಾವು ಆಟ ಆಡಿದ್ದು ಅಷ್ಟೇ. ಗ್ರಂಥಿ ಪೂರ್ತಿ ತೆರೀರಿ ಸರ್, ಇದು ಹಾರ್ಮೋನು ಸಾಲದೆ ಆದ ಕ್ರೈಸಿಸ್.”

“ನೆಂಟರಿಂದ ಈ ನಾಯಿಗೆ ಏನೂ ಆಗಲ್ಲ ಜೆಸಿಂತಾ, ಎಷ್ಟು ಜನ ಬಂದು ಹೋಗಿದ್ದಾರೆ ನೋಡು. ಇದು ವಿಷಾನೇ ಇರಬೇಕು. ವಿಷ ಆಗಿ ಹೊಟ್ಟೆಯೊಳಗೆ ರಕ್ತ ಸುರೀತಿದ್ರೆ, ಗ್ರಂಥಿ ತೆರೆದು ನಾನೇ ಕೊಂದಂಗಾಗುತ್ತೆ. ಗಾಡಿ ಬರಲಿ, ರಕ್ತ ನೋಡಿ ತೀರ್ಮಾನ ಮಾಡೋಣ.”

ಬಟ್ಟು ನೀಲಾಂಬಿಕೆಯ ಕಡೆ ಕಣ್ಣು ಹೊರಳಿಸಿತು. ಬಾಲ ಅಲ್ಲಾಡಿಸಲು ನೋಡಿತು, ತುದಿಯಷ್ಟೇ ಅಲ್ಲಾಡಿತು. ಅವಳು ನೆಲಕ್ಕೆ ಕುಸಿದು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಡಾಕ್ಟ್ರೇ, ಯಾರೂ ಬಂದಿಲ್ಲ.”

“ಏನು ಮೇಡಂ?”

“ಯಾರೂ ಬಂದಿಲ್ಲ ಡಾಕ್ಟ್ರೇ. ತಮ್ಮ ಬಂದಿಲ್ಲ, ಚಿಕ್ಕಮ್ಮ ಬಂದಿಲ್ಲ, ಗೆಳತಿಯರು ಅಂತ ನನಗೆ ಯಾರೂ ಇಲ್ಲ. ಎಲ್ಲಾ ಸುಳ್ಳು. ಈ ಮನೆಗೆ ಮೊದಲನೇ ಸಲ ಒಬ್ರು ಬಂದಿದ್ದು ಇವತ್ತು. ವಿಷ ಅಲ್ಲ ಅದು, ಸಂತೋಷ. ನಿಮಗೆ ಕೈ ಮುಗೀತೀನಿ, ತೆರೀರಿ!”

ಫೋನಿನ ಆಚೆ ಕೀಲಿಮಣೆಯ ಟಕಟಕ ಕೇಳಿಸಿತು. “ತೆರೆದಿದ್ದೀನಿ. ಕಾಲು ಮೇಲಿರಲಿ, ಕಂಬಳಿ ಹೊದಿಸಿ. ನೀರು ಕುಡಿಸಬೇಡಿ,” ಎಂದರು ಹಾಲೇಶ್.

ಜೆಸಿಂತಾ ಕಂಬಳಿ ತಂದಳು. ಹೊದಿಸಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು, ಆ ಚಪ್ಪಲಿಗಳನ್ನು. ಯಾವುದರ ಹಿಮ್ಮಡಿಯೂ ಸವೆದಿರಲಿಲ್ಲ.

“ಈ ಊರಿನಲ್ಲಿ ನನಗೆ ಗೊತ್ತಿದ್ದದ್ದು ಇದೊಂದೇ ಮನೆ ಮೇಡಂ,” ಅಂದಳು ಮೆಲ್ಲಗೆ. “ಹಾಸ್ಟೆಲಲ್ಲಿ ಊಟ ಸೇರದಿದ್ರೆ ನಿಮ್ಮ ಮನೆಯ ಎಲೆ ಸಾಲು ನೆನಪು ಮಾಡಿಕೊಂಡು ತಿಂತಿದ್ದೆ. ಆ ಮನೆ ಇರ್ಲೇ ಇಲ್ವಾ?”

ತನ್ನ ಒಂಟಿತನ ಮುಚ್ಚಲು ಹೆಣೆದದ್ದನ್ನು ಇನ್ನೊಂದು ಒಂಟಿ ಜೀವ ಹೊದ್ದು ಮಲಗುತ್ತಿತ್ತು ಅಂತ ನೀಲಾಂಬಿಕೆಗೇನು ಗೊತ್ತು? ಬಿಕ್ಕಿ ಬಿಕ್ಕಿ ಅತ್ತಳು. ಹುಡುಗಿ ಅಳಲಿಲ್ಲ. ನಾಯಿಯ ಎದೆಯ ಮೇಲಿಟ್ಟ ಕೈಯನ್ನೂ ತೆಗೆಯಲಿಲ್ಲ.

ಗಾಡಿ ಬಂತು. ರಕ್ತನಾಳಕ್ಕೆ ಉಪ್ಪುನೀರು ಏರಿಸುತ್ತ ಆಸ್ಪತ್ರೆಗೆ ಒಯ್ದರು. ಸಂಜೆಯ ಹೊತ್ತಿಗೆ ಹಸಿರು ಗೆರೆ ಮೆಲ್ಲಗೆ ಚುರುಕಾಯಿತು. ಬಟ್ಟು ಬದುಕಿತು.

ಮನೆಗೆ ಕಳಿಸುವ ದಿನ ಹಾಲೇಶ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಗ್ರಂಥಿ ಕಲಿತಿದ್ದನ್ನೆಲ್ಲ ಅಳಿಸಿದ್ದೀವಿ ಮೇಡಂ. ಮತ್ತೆ ಮೊದಲಿಂದ ಕಲಿಸಬೇಕು. ಕಲಿಯೋವರೆಗೂ ಯಾರಾದ್ರೂ ಬರೋ ದಿನ ನಾವೇ ಕಾವಲಿದ್ದು ಹನಿ ಬಿಡ್ತೀವಿ. ಆದ್ರೆ ಕಲಿಸಬೇಕು ಅಂದ್ರೆ ನಿಜವಾಗ್ಲೂ ಜನ ಬರಬೇಕು. ಬಂದವರೇ ಫೋನಲ್ಲಿ ಮಾತಾಡಬೇಕು. ನಿಮ್ಮ ಮಾತೊಂದೇ ಸಾಲದು ಇನ್ಮೇಲೆ.”

“ಜನ ಬರದಿದ್ರೆ?”

“ಕಲಿಯಲ್ಲ. ಮುಂದೆ ಯಾವಾಗಲೋ ಯಾರೋ ಬಾಗಿಲು ತಟ್ಟಿದ ದಿನ ಮತ್ತೆ ಹಿಂಗೇ ಆಗುತ್ತೆ.”

ಇಲಾಖೆಯ ಮುದ್ರೆ ಕಳೆದುಕೊಂಡು ಯಾರೂ ನಂಬದ ತಕ್ಕಡಿಯ ಪಾಡು ಏನೆಂದು ಅವಳಿಗೆ ಅವತ್ತು ತಿಳಿಯಿತು. ಹೊರಡುವಾಗ ಗಾಜಿನ ಗೋಡೆಯ ಆಚೆ ಕಣ್ಣಾಡಿಸಿದಳು. ಜೆಸಿಂತಾಳ ಕುರ್ಚಿಯಲ್ಲಿ ಬೇರೊಬ್ಬ ಹುಡುಗನಿದ್ದ. ನಾಯಿಯವರ ಮನೆಗೆ ಹೋದದ್ದಕ್ಕೆ ಅವಳನ್ನು ಫೋನಿನ ಕೆಲಸದಿಂದ ತೆಗೆದು ಔಷಧಿ ಉಗ್ರಾಣಕ್ಕೆ ಹಾಕಿದ್ದರು. ನೀಲಾಂಬಿಕೆ ಉಗ್ರಾಣದ ಬಾಗಿಲಿನ ತನಕ ಹೋದಳು. ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಮನೆಗೆ ಬಂದು ಚಪ್ಪಲಿಗಳನ್ನೆಲ್ಲ ಚೀಲಕ್ಕೆ ತುಂಬಿದಳು. ಬಾಗಿಲಲ್ಲಿ ಅವಳದೊಂದೇ ಜೊತೆ ಉಳಿಯಿತು. ಫೋನ್ ಹಿಡಿದು ಕೂತಳು. ಯಾರಿಗೆ ಮಾಡುವುದು? ಹರಿಹರದಲ್ಲಿ ಚಿಕ್ಕಮ್ಮ ಇರುವುದು ನಿಜ, ನಂಬರ್ ಬದಲಾಗಿತ್ತು. ಆಫೀಸಿನವರ ಹೆಸರುಗಳೆಲ್ಲ ಇದ್ದವು, ಒಂದನ್ನೂ ಒತ್ತಲಾಗಲಿಲ್ಲ.

ಸಂಜೆ ಚೌಕಿಪೇಟೆಗೆ ಹೋದಳು. ಕೊಟ್ರೇಶ ಬೆಲ್ಲ ತೂಗುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಕ್ಕನನ್ನು ಕಂಡವನೇ ತಕ್ಕಡಿಯಿಂದ ಕೈ ತೆಗೆದು ಹಿಂದೆ ಸರಿದ. “ನೋಡ್ಕಳವ್ವ, ಬೇಕಾದ್ರೆ ಸರ್ಕಾರಿ ತೂಕದ ಬಟ್ಟು ತಂದಿಟ್ಟು ತೂಗು.”

“ತಕ್ಕಡಿ ನೋಡಕ್ಕೆ ಬಂದಿಲ್ಲ ಕಣೋ,” ಅಂದಳು ನೀಲಾಂಬಿಕೆ. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. “ನನ್ನ ನಾಯಿಗೆ ಹುಷಾರಿಲ್ಲ. ಮನೆಗೆ ಯಾರಾದ್ರೂ ಬರಬೇಕಂತೆ. ನಾಳೆ ಬರ್ತೀಯೇನೋ?”

ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಕೊಟ್ರೇಶ ತಕ್ಕಡಿಯಿಂದ ಬೆಲ್ಲದ ಅಚ್ಚನ್ನು ಎತ್ತಿ ಪಕ್ಕಕ್ಕಿಟ್ಟ.

“ಎಷ್ಟು ಜನ ಬರಬೇಕಂತೆ?”

“ಒಬ್ಬ ಸಾಕು.”

ಬರ್ತೀನಿ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಮುಂದಿನ ಗಿರಾಕಿಗೆ ಏನು ಬೇಕೆಂದು ಕೇಳಿದ. ಅವಳು ಸ್ವಲ್ಪ ನಿಂತಿದ್ದು ಮನೆಗೆ ಬಂದಳು.

ಮಾರನೇ ಬೆಳಗ್ಗೆ ಫೋನ್ ಬಂತು. ಓದಿ ಒಪ್ಪಿಸುವಂಥ ಗಂಡು ದನಿ. “ನಮಸ್ಕಾರ, ನಿಗಾ ಕೇಂದ್ರ. ಇವತ್ತು ತಮ್ಮ ಮನೆಗೆ ಯಾರಾದರೂ ಬರುತ್ತಾರಾ?”

ಒಲೆಯ ಮೇಲೆ ಇಬ್ಬರಿಗಾಗುವಷ್ಟು ಹಾಲಿತ್ತು. ಬಟ್ಟು ಬಾಗಿಲಿಗೆ ಮುಖ ಮಾಡಿ ಮಲಗಿತ್ತು. ನೀಲಾಂಬಿಕೆ ಹೌದು ಅಂದರೆ ಸುಳ್ಳಾಗಬಹುದು, ಇಲ್ಲ ಅಂದರೂ ಸುಳ್ಳಾಗಬಹುದು.

“ಗೊತ್ತಿಲ್ಲಪ್ಪ,” ಅಂದಳು. “ಕರೆದು ಬಂದಿದ್ದೀನಿ.”

“ಹೌದು ಅಥವಾ ಇಲ್ಲ ಅಂತ ಹೇಳಬೇಕು ಮೇಡಂ. ಗೊತ್ತಿಲ್ಲ ಅಂತ ಹಾಕೋಕೆ ಇಲ್ಲಿ ಜಾಗ ಇಲ್ಲ.”

“ಹಂಗಾದ್ರೆ ಜಾಗ ಮಾಡ್ಕೊ,” ಅಂದಳು ನೀಲಾಂಬಿಕೆ, ಹಿಂದೆ ಪೇಟೆಯಲ್ಲಿ ಮಾತಾಡುತ್ತಿದ್ದ ಅದೇ ಗಟ್ಟಿ ದನಿಯಲ್ಲಿ. “ಇರೋದು ಅಷ್ಟೇ ನಿಜ. ನಾಯಿಗೆ ಹನಿ ಬಿಡಪ್ಪ, ಬಂದ್ರೂ ಬರಬಹುದು.”